ಫ್ರಿಜ್ಜಿನ ಬಾಗಿಲಲ್ಲಿ ಎರಡು ಸೀಸೆ

“ಏನೋ ಇದು? ನಿಂಗೂ ಶುಗರ್ ಬಂತಾ?”

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯೋಕೆ ಅಂತ ಫ್ರಿಜ್ ತೆರೆದ ಅಮ್ಮ ಕೇಳಿದ ಪ್ರಶ್ನೆ. ಅಪ್ಪನ ಇನ್ಸುಲಿನ್ ಪಕ್ಕದಲ್ಲಿ ಹೆಬ್ಬೆರಳಷ್ಟು ಪುಟ್ಟ ಸೀಸೆಯೊಂದು ನಿಂತಿತ್ತು. ಒಳಗೆ ಚಿಟಿಕೆಯಷ್ಟು ಬಿಳಿ ಪುಡಿ. ಲೇಬಲ್ ಮೇಲೆ ‘ಬಿಪಿಸಿ-157’ ಅಂತ ಹೆಸರು. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅನ್ನೋ ಎಚ್ಚರಿಕೆ.

“ಕಾಲು ನೋವಿಗೆ ಅಮ್ಮ,” ಅಂದೆ. ಅಮ್ಮ ಕನ್ನಡಕ ಹುಡುಕೋಕೆ ಹೋದ್ರು. ನಾನು ಸೀಸೆ ಎತ್ತಿ ಜೇಬಿಗಿಟ್ಟುಕೊಂಡೆ.

ಹಾಫ್ ಮ್ಯಾರಥಾನ್‌ಗೆ ಅಂತ ಓಡೋಕೆ ಶುರು ಮಾಡಿ, ಮೂರನೇ ತಿಂಗಳಿಗೆ ಎಡಗಾಲಿನ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಕೆಡಿಸಿಕೊಂಡಿದ್ದೆ. ಬೆಳಿಗ್ಗೆ ಎದ್ದ ಮೊದಲ ಹತ್ತು ಹೆಜ್ಜೆ ನರಕ. ಫಿಸಿಯೋ ಹೇಳಿದ್ದು ಮೂರು ತಿಂಗಳ ವ್ಯಾಯಾಮ. ಜಿಮ್‌ನ ಗೆಳೆಯ ಹೇಳಿದ್ದು ಬೇರೆ: “ಮಗಾ, ಪೆಪ್ಟೈಡ್ ಹಾಕ್ಕೋ. ಮೂರು ವಾರ ಸಾಕು.” ಸೀಸೆ ತಂದುಕೊಟ್ಟವನೂ ಅವನೇ. ಸ್ಪ್ರಿಂಟ್ ಡೆಡ್‌ಲೈನ್‌ಗಳಲ್ಲೇ ಬದುಕೋ ನನ್ನಂಥವನಿಗೆ ಮೂರು ತಿಂಗಳು, ಮೂರು ವಾರ, ಇವೆರಡರಲ್ಲಿ ಯಾವುದು ಇಷ್ಟವಾಗುತ್ತೆ ಅಂತ ಹೇಳಬೇಕಾಗಿಲ್ಲ.

ಆದ್ರೆ ಅಮ್ಮನ ಪ್ರಶ್ನೆ ತಲೆಯಲ್ಲಿ ಉಳೀತು. ಯಾಕಂದ್ರೆ ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಎರಡು ಸೀಸೆಯಲ್ಲೂ ಇದ್ದದ್ದು ಒಂದೇ ಜಾತಿಯ ವಸ್ತು: ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿದ ಸರ. ಇನ್ಸುಲಿನ್‌ನಲ್ಲಿ 51 ಮಣಿ, ನನ್ನ ಸೀಸೆಯದರಲ್ಲಿ 15. ಹಾಗಿದ್ರೆ ಅಪ್ಪನದನ್ನು ಕಣ್ಣುಮುಚ್ಚಿ ನಂಬ್ತೀವಿ, ನನ್ನದನ್ನು ಜೇಬಲ್ಲಿ ಬಚ್ಚಿಡಬೇಕಾಗುತ್ತೆ, ಯಾಕೆ? ಉತ್ತರ ಹುಡುಕ್ತಾ ಹೋದವನು ನೂರು ವರ್ಷ ಹಿಂದಕ್ಕೆ ಹೋದೆ.

1922ರ ಜನವರಿ 11. ಕೆನಡಾದ ಟೊರಾಂಟೊ. ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗ, ಮಧುಮೇಹದಿಂದ ಎಲುಬಿನ ಗೂಡಾಗಿ ಮಲಗಿದ್ದ. ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ್ದ ಮೇದೋಜೀರಕದ ಸಾರವನ್ನು ಅವನಿಗೆ ಚುಚ್ಚಿದರು. ಸಕ್ಕರೆ ಸ್ವಲ್ಪ ಇಳೀತು ಅಷ್ಟೇ. ಚುಚ್ಚಿದ ಜಾಗದಲ್ಲಿ ಕೀವು ಕಟ್ಟಿಕೊಳ್ತು. ಔಷಧಿ ನಿಲ್ಲಿಸಿದರು. ಜೇಮ್ಸ್ ಕಾಲಿಪ್ ಅನ್ನೋ ರಸಾಯನಶಾಸ್ತ್ರಜ್ಞ ಹಗಲೂ ರಾತ್ರಿ ಕೂತು ಅದೇ ಸಾರವನ್ನು ಶುದ್ಧ ಮಾಡಿದ. ಜನವರಿ 23ಕ್ಕೆ ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ, ಇನ್ನೂ 13 ವರ್ಷ ಬದುಕಿದ.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳೋದು ಪವಾಡವನ್ನು. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಹನ್ನೆರಡು ದಿನ. ಸೀಸೆಯೊಳಗಿನ ವಸ್ತು ಸರಿಯಾದದ್ದೇ. ಆದ್ರೆ ಅದರ ಜೊತೆ ಇನ್ನೇನಿದೆ ಅನ್ನೋದು ಹುಡುಗನ ಹಣೆಬರಹ ಬರೆದಿತ್ತು. ನನ್ನ ಸೀಸೆಯೊಳಗೆ ಇನ್ನೇನಿತ್ತು? ಅದನ್ನು ಶುದ್ಧ ಮಾಡಿದ ಕಾಲಿಪ್ ಯಾರು? ಗೆಳೆಯನಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಇಂಥ ವಸ್ತು ಬೇಕಂದ್ರೆ ಪ್ರಾಣಿಗಳ ಅಂಗಗಳಿಂದಲೇ ತೆಗೀಬೇಕಿತ್ತು. ಪರಿಸ್ಥಿತಿ ಬದಲಾಯಿಸಿದವನು ನ್ಯೂಯಾರ್ಕಿನ ಬ್ರೂಸ್ ಮೆರಿಫೀಲ್ಡ್. 1963ರಲ್ಲಿ ಆತ ತೋರಿಸಿದ ವಿಧಾನವನ್ನು ನಮ್ಮ ಮಾರ್ಕೆಟ್ಟಿನ ಹೂವಾಡಗಿತ್ತಿಯರು ಥಟ್ಟನೆ ಅರ್ಥಮಾಡ್ಕೊಳ್ತಾರೆ. ದಾರದ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಒಂದೊಂದೇ ಹೂ ಕಟ್ತಾ ಹೋಗ್ತಾರಲ್ಲ, ಹಾಗೆ. ಮೊದಲ ಅಮೈನೋ ಆಮ್ಲವನ್ನು ಪ್ಲಾಸ್ಟಿಕ್ಕಿನಂಥ ಒಂದು ಸಣ್ಣ ಗುಂಡಿಗೆ ಅಂಟಿಸು, ಮುಂದಿನದನ್ನು ಸೇರಿಸು, ತೊಳಿ, ಮತ್ತೆ ಸೇರಿಸು. 1984ರಲ್ಲಿ ಇದಕ್ಕೆ ನೊಬೆಲ್ ಬಂತು. ಯಂತ್ರವೇ ಈ ಕೆಲಸ ಮಾಡೋ ಹಾಗಾಯ್ತು. ಬೇಕಾದ ಸರವನ್ನು ಬೇಕಾದವರು ಕಟ್ಟಿಸಿಕೊಳ್ಳಬಹುದು ಅನ್ನೋ ಕಾಲ ಬಂತು. ಒಳ್ಳೇ ಔಷಧಿಗಳು ಬಂದದ್ದೂ ಈ ದಾರಿಯಲ್ಲೇ, ನನ್ನ ಫ್ರಿಜ್ಜಿಗೆ ಆ ಸೀಸೆ ಬಂದದ್ದೂ ಇದೇ ದಾರಿಯಲ್ಲಿ.

ಬಿಪಿಸಿ-157 ಹುಟ್ಟಿದ್ದು ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ, 1990ರ ದಶಕದ ಆರಂಭದಲ್ಲಿ. ಪ್ರೆಡ್ರಾಗ್ ಸಿಕಿರಿಚ್ ನೇತೃತ್ವದ ತಂಡ, ಮನುಷ್ಯನ ಜಠರರಸದಲ್ಲಿರೋ ಒಂದು ಪ್ರೋಟೀನಿನ ತುಣುಕು ಇದು ಅಂತ ಹೇಳಿತು. ‘ದೇಹ ರಕ್ಷಕ’ ಅನ್ನೋ ಅರ್ಥದ ಹೆಸರನ್ನೂ ಇಟ್ಟಿತು. ಮೊದಮೊದಲು ಹೊಟ್ಟೆಯ ಹುಣ್ಣಿನ ಮೇಲೆ ಪ್ರಯೋಗ, ಆಮೇಲೆ ಸ್ನಾಯು, ಟೆಂಡನ್. ಅಕಿಲಿಸ್ ಟೆಂಡನ್ ಕತ್ತರಿಸಿದ ಇಲಿಗಳಿಗೆ ಇದನ್ನು ಕೊಟ್ಟಾಗ ಗಾಯ ಬೇಗ ಕೂಡಿತು ಅಂತ ವರದಿಗಳು ಬಂದವು. ಇಲಿಗಳ ಮಟ್ಟಿಗೆ ಫಲಿತಾಂಶ ನಿಜಕ್ಕೂ ಕುತೂಹಲಕಾರಿ. ಆದ್ರೆ ಬಹುಪಾಲು ಪ್ರಬಂಧಗಳು ಅದೇ ಒಂದು ತಂಡದ್ದು. ಮನುಷ್ಯರ ಟೆಂಡನ್ ಮೇಲೆ ಸರಿಯಾದ ದೊಡ್ಡ ಪರೀಕ್ಷೆ ಬರಲೇ ಇಲ್ಲ. ಲೇಬಲ್ಲಿನ ಆ ಇರುವೆ ಸಾಲಿನ ಅರ್ಥ ಇದೇ. 2022ರಿಂದ ಕ್ರೀಡಾಪಟುಗಳಿಗೆ ಇದು ನಿಷಿದ್ಧ. 2023ರಲ್ಲಿ ಅಮೆರಿಕದ ಎಫ್‌ಡಿಎ ಇದನ್ನು ಸುರಕ್ಷತೆಯ ಬಗ್ಗೆ ಅನುಮಾನ ಇರೋ ವಸ್ತುಗಳ ಪಟ್ಟಿಗೆ ಸೇರಿಸಿತು.

“ಎಲ್ಲಾ ಅಥ್ಲೀಟ್‌ಗಳೂ ಹಾಕ್ಕೋತಾರೆ ಮಗಾ,” ಅಂದಿದ್ದ ಗೆಳೆಯ. ಹಾಕಿಸಿಕೊಂಡವರ ಕಥೆಯೂ ಇತಿಹಾಸದಲ್ಲಿದೆ. ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಎಸೆಂಡನ್ ಅನ್ನೋ ಹಳೇ ಫುಟ್‌ಬಾಲ್ ಕ್ಲಬ್ ಇದೆ. ಮೊಟ್ಟೆಯಾಕಾರದ ಚೆಂಡಿನಲ್ಲಿ, ಕ್ರಿಕೆಟ್ ಮೈದಾನಗಳಲ್ಲಿ ಆಡೋ ಅವರದ್ದೇ ಫುಟ್‌ಬಾಲ್. 2012ರ ಋತುವಿನಲ್ಲಿ ಅಲ್ಲಿನ ಆಟಗಾರರಿಗೆ ಬೇಗ ಚೇತರಿಸಿಕೊಳ್ಳಲಿ ಅಂತ ಇಂಜೆಕ್ಷನ್‌ಗಳ ಕಾರ್ಯಕ್ರಮವೇ ನಡೀತು. ಒಪ್ಪಿಗೆ ಪತ್ರಕ್ಕೆ ಹುಡುಗರು ಸಹಿ ಹಾಕಿದರು. 2013ರಲ್ಲಿ ತನಿಖೆ ಶುರುವಾಯ್ತು. ಯಾರಿಗೆ, ಯಾವಾಗ, ಏನನ್ನು ಚುಚ್ಚಲಾಯಿತು ಅನ್ನೋದಕ್ಕೆ ನೆಟ್ಟಗಿನ ದಾಖಲೆಯೇ ಇರಲಿಲ್ಲ. 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ, ಥೈಮೋಸಿನ್ ಬೀಟಾ-4 ಅನ್ನೋ ನಿಷೇಧಿತ ಪೆಪ್ಟೈಡ್ ಬಳಕೆಯಾಗಿದೆ ಅಂತ ತೀರ್ಮಾನಿಸಿ, ಅಂದಿನ-ಇಂದಿನ 34 ಆಟಗಾರರಿಗೆ ಎರಡು ವರ್ಷದ ನಿಷೇಧ ಹೇರಿತು. ನಾಯಕ ಜೋಬ್ ವಾಟ್ಸನ್ 2012ರಲ್ಲಿ ಗೆದ್ದಿದ್ದ ಬ್ರೌನ್‌ಲೋ ಪದಕ, ಅಂದ್ರೆ ಆ ಲೀಗ್‌ನ ಅತ್ಯುತ್ತಮ ಆಟಗಾರನ ಗೌರವ, ಅವನ ಕೈತಪ್ಪಿತು.

ಪದಕಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ತಮ್ಮ ಮೈಯೊಳಗೆ ಹೋದದ್ದು ಏನು ಅಂತ ಆ ಹುಡುಗರಿಗೆ ಖಚಿತವಾಗಿ ತಿಳಿಸೋಕೆ ಯಾರಿಂದಲೂ ಆಗಲಿಲ್ಲ. ನನ್ನದಂತೂ ಕ್ಲಬ್ಬೂ ಇಲ್ಲ, ಒಪ್ಪಿಗೆ ಪತ್ರವೂ ಇಲ್ಲ. ಒಂದು ಸೀಸೆ, ಒಂದು ಯುಪಿಐ ಪೇಮೆಂಟ್, ಅಷ್ಟೇ.

ಇನ್ನು ಫಿಸಿಯೋ ಹೇಳಿದ ವ್ಯಾಯಾಮ. ಅದಕ್ಕೂ ಒಂದು ಇತಿಹಾಸ ಇದೆ, ಓದಿ ನಗು ಬಂತು. 1990ರ ದಶಕದಲ್ಲಿ ಸ್ವೀಡನ್ನಿನ ಉಮೇಯೊ ಊರಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್‌ಗೆ ಅಕಿಲಿಸ್ ನೋವು. ನಂಗೆ ಆಪರೇಷನ್ ಮಾಡಿ ಅಂತ ತನ್ನ ಬಾಸ್‌ಗೆ ಕೇಳಿದ್ರೆ, ನೀನು ರಜೆ ಮೇಲೆ ಹೋದ್ರೆ ಕೆಲಸ ಯಾರು ಮಾಡ್ತಾರೆ ಅಂತ ಬಾಸ್ ಒಪ್ಪಲಿಲ್ಲ. ಟೆಂಡನ್ ಹರಿದೇ ಹೋದ್ರೆ ಆಪರೇಷನ್ ಮಾಡಲೇಬೇಕಲ್ಲ ಅಂತ ಆತ ಮೆಟ್ಟಿಲ ಅಂಚಲ್ಲಿ ನಿಂತು, ನೋವಿದ್ರೂ ಬಿಡದೆ ಹಿಮ್ಮಡಿ ಇಳಿಸ್ತಾ ಹೋದ. ಟೆಂಡನ್ ಹರೀಲಿಲ್ಲ, ನೋವೇ ಹೋಯ್ತು! 1998ರಲ್ಲಿ ಆತನ ತಂಡ 15 ಓಟಗಾರರ ಮೇಲಿನ ಅಧ್ಯಯನ ಪ್ರಕಟಿಸಿತು: ದಿನಕ್ಕೆ 180 ಸಲ, 12 ವಾರ. ಹದಿನೈದೂ ಜನ ಮತ್ತೆ ಓಡಿದರು. ಹದಿನೈದು ಸಣ್ಣ ಸಂಖ್ಯೆ, ನಿಜ. ಆದ್ರೆ ಆಮೇಲೆ ಬೇರೆ ಬೇರೆ ದೇಶದವರು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಎಲ್ಲರಿಗೂ ಅಷ್ಟೇ ಚೆನ್ನಾಗಿ ಫಲ ಸಿಗಲ್ಲ ಅನ್ನೋದೂ ಹಾಗೆಯೇ ಗೊತ್ತಾಯ್ತು.

ಇನ್ನೂ ಒಂದು ತಮಾಷೆ ಇದೆ. ಬಿಪಿಸಿ-157ರ ದೊಡ್ಡ ಹೊಗಳಿಕೆಯೇ ಅದು ಗಾಯದ ಜಾಗದಲ್ಲಿ ಹೊಸ ರಕ್ತನಾಳ ಬೆಳೆಸುತ್ತೆ ಅನ್ನೋದು. ಅದೇ ಆಲ್ಫ್ರೆಡ್‌ಸನ್ ತಂಡ ಮುಂದೆ ಸ್ಕ್ಯಾನ್ ಮಾಡಿ ನೋಡಿದಾಗ, ಬಹುಕಾಲದಿಂದ ನೋಯ್ತಿರೋ ಟೆಂಡನ್‌ಗಳಲ್ಲಿ ಹೊಸ ರಕ್ತನಾಳಗಳು ಆಗಲೇ ಇದ್ದವು. ಅವನ್ನು ಮುಚ್ಚಿಸೋ ಚಿಕಿತ್ಸೆಯನ್ನೇ ಅವರು ಮಾಡಿದರು. ಇಲಿಯ ಕತ್ತರಿಸಿದ ಟೆಂಡನ್ ಬೇರೆ, ಓಡಿ ಓಡಿ ಸವೆದ ನನ್ನ ಟೆಂಡನ್ ಬೇರೆ. ಒಂದಕ್ಕೆ ವರವಾದದ್ದು ಇನ್ನೊಂದಕ್ಕೂ ವರ ಅಂತ ನಂಬೋಕೆ ನನ್ನ ಹತ್ರ ಕಾರಣ ಇರಲಿಲ್ಲ, ಅವಸರ ಮಾತ್ರ ಇತ್ತು.

ನಾಳೆ ಯಾರಾದ್ರೂ ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ, ಈ ಪೆಪ್ಟೈಡ್ ಕೆಲಸ ಮಾಡುತ್ತೆ ಅಂತ ತೋರಿಸಿದ್ರೆ ಮೊದಲು ಖುಷಿಪಡೋನು ನಾನೇ. ಅಪ್ಪನ ಸೀಸೆಯ ಹಿಂದೆ ನೂರು ವರ್ಷದ ಲೆಕ್ಕ ಇದೆ: ಯಾರಿಗೆ, ಎಷ್ಟು, ಏನಾಯ್ತು ಅಂತ. ನನ್ನದರ ಹಿಂದೆ ಇದ್ದದ್ದು ಇಲಿಗಳು ಮತ್ತು ಗೆಳೆಯನ ಭರವಸೆ.

ಸೀಸೆಯನ್ನು ಬಳಸಲಿಲ್ಲ. ದುಡ್ಡು ಹೋಯ್ತು. ಗೆಳೆಯ “ಪುಕ್ಕಲ” ಅಂದ, ಅನ್ನಲಿ.

ಈಗ ದಿನಾ ಬೆಳಿಗ್ಗೆ ಮನೆ ಮುಂದಿನ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಇಳಿಸ್ತೀನಿ. ನಾಲ್ಕು ತಿಂಗಳಾಯ್ತು. ಕಳೆದ ಭಾನುವಾರ ಐದು ಕಿಲೋಮೀಟರ್ ಓಡಿದೆ, ನಿಧಾನಕ್ಕೆ. ಬೆಳಗಿನ ಬಿಗಿತ ಪೂರ್ತಿ ಹೋಗಿಲ್ಲ. ವಾಸಿ ಮಾಡಿದ್ದು ವ್ಯಾಯಾಮವೋ, ಕಾಲವೋ, ನಾನೊಬ್ಬನ ಕಾಲು ನೋಡಿ ಹೇಳೋಕಾಗಲ್ಲ. ನಾನು ಮೆಟ್ಟಿಲ ಮೇಲೆ ನಿಂತಾಗ ಒಳಗೆ ಅಪ್ಪ ಇನ್ಸುಲಿನ್ ತಗೋತಿರ್ತಾರೆ. ಅಮ್ಮ ರಂಗೋಲಿ ಹಾಕ್ತಾ ನನ್ನ ಲೆಕ್ಕ ಇಡ್ತಾರೆ.

“ನಲವತ್ತೆರಡು. ಇನ್ನೂ ಮೂರಿದೆ, ಕಳ್ಳಾಟ ಆಡಬೇಡ.”