ಪುಕ್ಕಟೆ ದುಡಿಯುವವರಿಗೂ ಕಟ್ಟಳೆ ಬೇಕಾಯ್ತು

ದೋಣಿಗಲ್‌ನ ಕಾಫಿ ಕಣದಲ್ಲಿ ನಿಂತು ಫೋನಿನಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದರೆ, ಮಂಗಳೂರಿನಲ್ಲೂ ಅದೇ ಅಕ್ಷರ ಮೂಡುತ್ತದೆ. 1990ರ ದಶಕದಲ್ಲಿ ಹೀಗಿರಲಿಲ್ಲ. ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಸಂಕೇತ, ಒಂದೊಂದು ಕೀಲಿಮಣೆ. ಇಲ್ಲಿ ಬರೆದ ಪತ್ರ ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಲಸುಮೇಲೋಗರ. ಟೈಪಿಸ್ಟ್ ಆಫೀಸು ಬದಲಿಸಿದರೆ ಬೆರಳುಗಳಿಗೆ ಹೊಸದಾಗಿ ಪಾಠ.

ಕೀಲಿಮಣೆಯ ಗೋಜಲಿಗೆ ದಾರಿ ತೋರಿದವರು ಘಾಟಿ ಕೆಳಗಿನವರು, ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್. ಇಂಗ್ಲಿಷ್ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ‘ಎಫ್’. ಅವರ ವಿನ್ಯಾಸದ ಮೇಲೆಯೇ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ನಿಂತಿತು, ಸರ್ಕಾರವೂ 2000ದ ಸುಮಾರಿಗೆ ಅದನ್ನು ಒಪ್ಪಿತು. ಪರಿಷತ್ತಿನ ‘ನುಡಿ’ ತಂತ್ರಾಂಶ ಎಲ್ಲರಿಗೂ ಗೊತ್ತು. ಆದರೆ ನುಡಿಗಿಂತ ದೂರ ಹೋದದ್ದು ಆ ಒಪ್ಪಂದ. ಲಿನಕ್ಸ್ ಕಂಪ್ಯೂಟರಿನ ಕೀಲಿಮಣೆ ಪಟ್ಟಿಯಲ್ಲಿ ಇವತ್ತಿಗೂ ‘ಕಗಪ’ ಎಂಬ ಹೆಸರಿದೆ. ಹಿಂದಿ, ಮರಾಠಿ, ತೆಲುಗಿಗೂ ಅದೇ ಹೆಸರಿನ ಕೀಲಿಮಣೆಗಳಿವೆ. ಹಿಂದಿ ಬರೆಯುವವರಲ್ಲಿ ಎಷ್ಟು ಜನಕ್ಕೆ ಅದು ಕನ್ನಡದ್ದೆಂದು ಗೊತ್ತೋ!

ಲಿನಕ್ಸ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಮೂಲ ಕೋಡ್ ನೋಡಬಹುದು, ತಿದ್ದಬಹುದು. ನಿಮ್ಮ ಆಂಡ್ರಾಯ್ಡ್ ಫೋನಿನ ತಳಪಾಯವೂ ಅದೇ. ಹೀಗೆ ಬಂದ ತಿದ್ದುಪಡಿಗಳನ್ನು ಪರೀಕ್ಷಿಸಿ ಸೇರಿಸುವವರು ಮೇಂಟೇನರ್‌ಗಳು. ಬಯಲುಸೀಮೆ ಕೆರೆಯ ನೀರುಗಂಟಿ ಇದ್ದಂತೆ: ತೂಬು ಅವನ ಕೈಯಲ್ಲಿ, ಸರದಿ ಊರಿನ ಒಪ್ಪಂದದಲ್ಲಿ. ಎಷ್ಟೋ ಮೇಂಟೇನರ್‌ಗಳಿಗೆ ಸಂಬಳವೂ ಇಲ್ಲ.

ಅವರ ಕಟ್ಟಳೆಗಳು ಹೆಚ್ಚಾಗಿ ಪೆಟ್ಟು ತಿಂದ ಮೇಲೆ ಹುಟ್ಟಿದವು. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಇದೆಯೆಂದು ಕೋರ್ಟಿಗೆ ಹೋಯಿತು. ಮರುವರ್ಷ, ತಿದ್ದುಪಡಿ ಕಳಿಸುವವರು ‘ಇದನ್ನು ಕೊಡಲು ನನಗೆ ಹಕ್ಕಿದೆ’ ಎಂದು ಹೆಸರು ಹಾಕಿ ಖಾತ್ರಿ ಕೊಡಬೇಕೆಂಬ ಪದ್ಧತಿ ಬಂತು. 2018ರಲ್ಲಿ ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಮಾತಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಬಿಡುವು ಪಡೆದರು. ಹೊಸ ನಡವಳಿಕೆ ನಿಯಮವೂ ಆಗಲೇ ಬಂತು.

ದೊಡ್ಡ ಪೆಟ್ಟು 2024ರದ್ದು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಸಹಾಯ ಮಾಡಿದ. ಕೆಲಸ ನಿಧಾನವೆಂದು ಬೇರೆ ಹೆಸರುಗಳಿಂದ ದೂರುಗಳೂ ಬಂದವು. ಕೊನೆಗೆ ತೂಬಿನ ಕೀಲಿ ಅವನಿಗೂ ಸಿಕ್ಕಿತು, ಅವನು ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಅದು ಮಾರ್ಚ್ 29ರಂದು ಬಯಲಾಯಿತು.

ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಫ್, ಓಪನ್‌ಜೆಎಸ್ ಸಂಸ್ಥೆಗಳು ಮೇಂಟೇನರ್‌ಗಳಿಗೆ ಒಟ್ಟಾಗಿ ಎಚ್ಚರಿಕೆ ಕೊಟ್ಟವು: ಅವಸರ ಮಾಡಿ ಹಕ್ಕು ಕೇಳುವವರನ್ನು ಸುಲಭಕ್ಕೆ ನಂಬಬೇಡಿ, ಕೋಡ್ ಸೇರಿಸುವ ಮುನ್ನ ಎರಡನೆಯವರ ಕಣ್ಣು ಬೀಳಲಿ. ಸರಿಯಾದ ಮಾತೇ. ಆದರೆ ಒಬ್ಬರೇ ದಣಿಯುತ್ತಿರುವಲ್ಲಿ ಆ ಎರಡನೆಯ ಕಣ್ಣು ಯಾರದು? ಕನ್ನಡದ ಫಾಂಟು, ಕೀಲಿಮಣೆ, ಅನುವಾದಗಳನ್ನು ಬಿಡುವಿನ ವೇಳೆಯಲ್ಲಿ ಸಂಭಾಳಿಸುವವರನ್ನೂ ಇದನ್ನೇ ಕೇಳಬೇಕಾಗಿದೆ.