ಪ್ಲಿನಿಯ ಸಂದೇಹ: ಆದಿ ಕ್ರೈಸ್ತರ ಮೇಲಿನ ರೋಮನ್ ವಿಚಾರಣೆಗಳ ಕಾನೂನು ನೆಲೆ

ಕ್ರಿ.ಶ. 112ರ ಸುಮಾರಿಗೆ ಬಿಥಿನಿಯಾ-ಪೊಂಟಸ್ ಪ್ರಾಂತ್ಯದ ಆಡಳಿತ ನೋಡುತ್ತಿದ್ದ ಕಿರಿಯ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರ ವಿಚಿತ್ರವಾದದ್ದು. ಕೆಲವು ಕ್ರೈಸ್ತರನ್ನು ಕೊಲ್ಲಿಸಿಯಾದ ಮೇಲೆ ಅವರ ಅಪರಾಧ ಯಾವುದೆಂದು ಆತ ಕೇಳುತ್ತಾನೆ. ಶಿಕ್ಷೆ ಕ್ರೈಸ್ತ ಎಂಬ ಹೆಸರಿಗೋ, ಹೆಸರಿಗೆ ಅಂಟಿದ ದುಷ್ಕೃತ್ಯಗಳಿಗೋ? ದುಷ್ಕೃತ್ಯಗಳು ಅವನಿಗೆ ಸಿಗಲೇ ಇಲ್ಲ; ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಒಳಪಡಿಸಿದರೂ ಕಂಡದ್ದು ಅತಿರೇಕದ ಮೂಢನಂಬಿಕೆ ಮಾತ್ರ. ಆದರೂ ಮೂರು ಸಲ ಕೇಳಿದಾಗ ಮೂರು ಸಲವೂ ಒಪ್ಪಿಕೊಂಡವರ ಹಟವೊಂದೇ ದಂಡನೆಗೆ ಸಾಕೆಂದು ಅವನು ತೀರ್ಮಾನಿಸಿದ್ದ. ಅಲ್ಲಗಳೆದವರು ದೇವರುಗಳನ್ನು ಸ್ತುತಿಸಿ, ಚಕ್ರವರ್ತಿಯ ಪ್ರತಿಮೆಯೆದುರು ಧೂಪ, ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ.

ಟ್ರೇಜನ್‌ನ ಉತ್ತರ ಚುಟುಕಾದದ್ದು. ಅವರನ್ನು ಹುಡುಕಿಕೊಂಡು ಹೋಗಬೇಡ. ದೂರು ಬಂದು ಸಾಬೀತಾದರೆ ಶಿಕ್ಷಿಸು. ದೇವರುಗಳನ್ನು ಪೂಜಿಸಿದವನನ್ನು ಕ್ಷಮಿಸು. ಅನಾಮಧೇಯ ದೂರುಗಳನ್ನು ಪರಿಗಣಿಸಬೇಡ. ಕಳ್ಳನೊಬ್ಬ ಇನ್ನು ಕದಿಯುವುದಿಲ್ಲವೆಂದರೆ ಹಳೆಯ ಕಳವು ಅಳಿಯದು, ಇಲ್ಲಿ ಅಳಿಯುತ್ತದೆ. ಹುಡುಕಬಾರದ, ಆದರೆ ಸಿಕ್ಕರೆ ದಂಡಿಸಬೇಕಾದ ಈ ಅಪರಾಧಿಯನ್ನು 197ರಲ್ಲಿ ಕ್ರೈಸ್ತ ಲೇಖಕ ಟರ್ಟುಲಿಯನ್ ಚೆನ್ನಾಗಿಯೇ ಗೇಲಿ ಮಾಡಿದ.

ದಂಡನೆಯ ಆಧಾರ ಹಟವೆಂದು ಇತಿಹಾಸಕಾರ ಷೆರ್ವಿನ್-ವೈಟ್, ಹೆಸರೆಂದು ಇತಿಹಾಸಕಾರ ಡಿ ಸೇಂಟ್ ಕ್ರಾಯ್ 1960ರ ದಶಕದಲ್ಲಿ ವಾದಿಸಿದರು. ವಿಚಾರಣೆ ಶುರುವಾಗುವ ಮೊದಲು ಹಟಕ್ಕೆ ಅವಕಾಶವೇ ಇಲ್ಲ ಎಂಬ ಡಿ ಸೇಂಟ್ ಕ್ರಾಯ್ ತರ್ಕ ಗಟ್ಟಿಯಾದದ್ದು. ಆದರೆ 180ರ ಜುಲೈ 17ರಂದು ಕಾರ್ಥೇಜ್‌ನಲ್ಲಿ ಸಿಲ್ಲಿ ಎಂಬ ಊರಿನ ಕ್ರೈಸ್ತರ ಮೇಲೆ ಪ್ರೊಕಾನ್ಸಲ್ ಸಾಟರ್ನೈನಸ್ ಓದಿದ ತೀರ್ಪಿನಲ್ಲಿ ಎರಡೂ ಇವೆ: ಕ್ರೈಸ್ತರಾಗಿ ಬಾಳುತ್ತಿದ್ದೇವೆಂಬ ಒಪ್ಪಿಗೆ, ಅವಕಾಶ ಕೊಟ್ಟರೂ ರೋಮನ್ ಆಚಾರಕ್ಕೆ ಮರಳದ ಹಟ. ಯೋಚಿಸಲು ಅವನು ಕೊಡಮಾಡಿದ ಮೂವತ್ತು ದಿನಗಳನ್ನು ಅವರು ಬೇಡವೆಂದಿದ್ದರು. ಹೆಸರು ಮೊಕದ್ದಮೆ ಹೂಡಿತು, ಹಟ ಅದನ್ನು ಮುಗಿಸಿತು ಎಂದು ಓದುವುದೇ ನನಗೆ ಸರಿ ತೋರುತ್ತದೆ.

ಟ್ರೇಜನ್ ವಿಧಿಸಿದ ಕ್ರಮ ದೂರುದಾರನನ್ನೇ ನೆಚ್ಚಿಕೊಂಡಿತ್ತು. ಹಿಂಸೆ ಅಲ್ಲೊಮ್ಮೆ ಇಲ್ಲೊಮ್ಮೆ ಭುಗಿಲೆದ್ದು ತಣ್ಣಗಾಗುತ್ತಿದ್ದುದಕ್ಕೆ ಇದೂ ಕಾರಣ. ಚಕ್ರವರ್ತಿ ಡೆಸಿಯಸ್‌ನ ಆಜ್ಞೆ ಆ ಕ್ರಮವನ್ನು ಬುಡಮೇಲು ಮಾಡಿತು. ದೂರು ಬೇಕಿರಲಿಲ್ಲ, ಪ್ರಜೆಗಳೇ ಬಂದು ಬಲಿ ಅರ್ಪಿಸಬೇಕಿತ್ತು. 250ರಲ್ಲಿ ಹಾಗೆ ಪಡೆದ ದೃಢೀಕರಣ ಪತ್ರಗಳು ಈಜಿಪ್ಟಿನ ಪಪೈರಸ್‌ಗಳಲ್ಲಿ ಉಳಿದಿವೆ. ಅವುಗಳಲ್ಲೊಂದು ಮೊಸಳೆದೇವರು ಪೆಟೆಸೂಕಸ್‌ನ ಅರ್ಚಕಿಯದು! ಆಜ್ಞೆ ಕ್ರೈಸ್ತರನ್ನು ಮಾತ್ರ ಗುರಿಮಾಡಿತ್ತೆಂಬ ಚರ್ಚಿನ ಪರಂಪರೆಯ ಕಥನಕ್ಕೆ ಈ ಚೀಟಿ ತೊಡಕು.

ಬಲಿ ಕೊಡದೆಯೇ ಪತ್ರ ಕೊಂಡುಕೊಂಡ ಕ್ರೈಸ್ತರೂ ಇದ್ದರು. 251ರಲ್ಲಿ ಸಿಪ್ರಿಯನ್‌ನ ನೇತೃತ್ವದಲ್ಲಿ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್ಪರು ಅಂಥವರನ್ನು ಬಲಿ ಕೊಟ್ಟವರಿಂದ ಬೇರ್ಪಡಿಸಿ, ಒಬ್ಬೊಬ್ಬರ ಸಂದರ್ಭವನ್ನೂ ವಿಚಾರಿಸಿ ಸಭೆಗೆ ಮರಳಿ ಸೇರಿಸಿಕೊಳ್ಳಲು ನಿರ್ಧರಿಸಿದರು.