ಕನ್ನಡಿಯಲ್ಲಿ ಕಂಡ ಉಂಗುರ

ಬಸಿರಾದ ಸಂಗತಿಯನ್ನು ಮೊದಲು ಅರಿಯುವವರು ಯಾರು? ಬಸಿರಾದವಳಲ್ಲದೆ ಮತ್ತಾರು ಎಂದು ನೀವು ಕೇಳಬಹುದು. ನಮ್ಮ ಭಾಷೆಯೂ ಹಾಗೆಯೇ ಭಾವಿಸಿದೆ. ‘ನೀರು ನಿಂತಿದೆ’, ‘ತಿಂಗಳು ನಿಂತಿದೆ’ ಎಂಬ ಮಾತುಗಳಲ್ಲಿ ವೈದ್ಯನಿಗೆ ಎಡೆಯಿಲ್ಲ. ದಿನಗಳ ಲೆಕ್ಕವಿಟ್ಟವಳು ಹೆಂಗಸು. ಆ ಮಾತನ್ನು ಮೊದಲು ಕೇಳಿದವಳು ತಾಯಿಯೋ ಅತ್ತಿಗೆಯೋ ಆಗಿರುತ್ತಿದ್ದಳು. ಆದರೆ ಇಪ್ಪತ್ತನೆಯ ಶತಮಾನದಲ್ಲಿ, ವಿಜ್ಞಾನ ಮುಂದುವರಿದ ನಾಡುಗಳಲ್ಲಿ, ಈ ಮೊದಲ ಅರಿವು ಹೆಣ್ಣಿನ ಕೈತಪ್ಪಿ ಪ್ರಯೋಗಶಾಲೆಯನ್ನು ಸೇರಿತು. ಅದು ಅವಳ ಕೈಗೆ ಮರಳಲು ಸುಮಾರು ಅರ್ಧ ಶತಮಾನ ಹಿಡಿಯಿತು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಒಂದು ಮಾತು ಯಾರ ಬಾಯಿಂದ ಹೊರಟು ಯಾರ ಕಿವಿಗೆ ಮುಟ್ಟುತ್ತದೆ ಎಂಬುದರಲ್ಲಿ ನನಗೆ ಕುತೂಹಲ. ಆ ದೃಷ್ಟಿಯಿಂದಲೇ ಈ ಚರಿತ್ರೆಯನ್ನು ನಿರೂಪಿಸುತ್ತೇನೆ.

ಪರೀಕ್ಷಿಸಿ ನೋಡುವ ಹಂಬಲ ಹೊಸದಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಈಜಿಪ್ಟಿನ ಪಪೈರಸ್ ಸುರುಳಿಯೊಂದರಲ್ಲಿ ಒಂದು ವಿಧಾನ ಉಂಟು. ಗೋದಿ ಮತ್ತು ಜವೆಗೋದಿಯ ಕಾಳುಗಳನ್ನು ಹೆಂಗಸು ತನ್ನ ಮೂತ್ರದಿಂದ ದಿನವೂ ನೆನೆಸಬೇಕು. ಮೊಳೆತರೆ ಬಸಿರು, ಇಲ್ಲವಾದರೆ ಇಲ್ಲ. ನಗುವ ಮುನ್ನ ಇನ್ನೊಂದು ಸಂಗತಿ ಕೇಳಿ. 1963ರಲ್ಲಿ ವಿಜ್ಞಾನಿಗಳು ಇದನ್ನು ಪ್ರಯೋಗಿಸಿದಾಗ, ಬಸುರಿಯರ ಮೂತ್ರದಿಂದ ನೂರಕ್ಕೆ ಸುಮಾರು 70 ಸಲ ಕಾಳು ಮೊಳೆಯಿತು.

ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಇನ್ನೊಂದು ಬಗೆಯ ಪರೀಕ್ಷೆಯಿತ್ತು. ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಗರ್ಭಿಣಿಯೆಂದು ಅರಿಕೆ ಮಾಡಿಕೊಂಡರೆ, ಅನುಭವಸ್ಥ ಸ್ತ್ರೀಯರ ಮಂಡಲಿಯೊಂದು ಅವಳನ್ನು ಪರೀಕ್ಷಿಸುತ್ತಿತ್ತು. ಕೂಸು ಮಿಸುಕುತ್ತಿದೆಯೆಂದು ಅವರು ಹೇಳಿದರೆ ನೇಣು ಮುಂದಕ್ಕೆ ಹೋಗುತ್ತಿತ್ತು. ಒಂದು ಜೀವದ ಅಳಿವು ಉಳಿವು ಹೆಂಗಸರ ಮಾತಿನ ಮೇಲೆ ನಿಂತಿತ್ತು. 1931ರ ಕಾಯಿದೆ ಆ ಮಂಡಲಿಯನ್ನು ರದ್ದುಗೊಳಿಸಿತು.

ಅಷ್ಟರಲ್ಲಿ ಪ್ರಯೋಗಶಾಲೆ ಮಾತನಾಡತೊಡಗಿತ್ತು. 1928ರ ವೇಳೆಗೆ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಎಂಬ ವೈದ್ಯರು, ಬಸುರಿಯ ಮೂತ್ರದಲ್ಲಿ ವಿಶೇಷವಾದೊಂದು ಹಾರ್ಮೋನು ಇರುವುದನ್ನು ತೋರಿಸಿಕೊಟ್ಟಿದ್ದರು. ಆ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವನ್ನು ಕೊಯ್ದು ಅಂಡಾಶಯ ನೋಡಬೇಕು. 1931ರಲ್ಲಿ ಅಮೆರಿಕದಲ್ಲಿ ಇಲಿಯ ಜಾಗಕ್ಕೆ ಮೊಲ ಬಂತು. ಮೊಲ ಸತ್ತರೆ ಬಸಿರು ಎಂಬ ನಂಬಿಕೆ ಅಲ್ಲಿ ಹಬ್ಬಿತಾದರೂ ಅದು ನಿಜವಲ್ಲ. ಫಲಿತಾಂಶ ಯಾವುದಾದರೂ ಮೊಲವನ್ನು ಕೊಯ್ಯಲೇಬೇಕಿತ್ತು. ಆ ದಶಕದಲ್ಲೇ ದಕ್ಷಿಣ ಆಫ್ರಿಕದ ಕಪ್ಪೆಯೊಂದು ಈ ಕೆಲಸಕ್ಕೆ ಒದಗಿತು. ಮೂತ್ರ ಚುಚ್ಚಿದ ಒಂದು ದಿನದೊಳಗೆ ಅದು ಮೊಟ್ಟೆಯಿಟ್ಟರೆ ಉತ್ತರ ಸಿಕ್ಕಂತೆ. ಕಪ್ಪೆ ಸಾಯಬೇಕಿರಲಿಲ್ಲ. ಆದರೆ ಈ ಉತ್ತರ ಮೊದಲು ತಿಳಿಯುತ್ತಿದ್ದುದು ಪ್ರಯೋಗಶಾಲೆಗೆ, ಬಳಿಕ ವೈದ್ಯನಿಗೆ, ಕಟ್ಟಕಡೆಗೆ ಹೆಂಗಸಿಗೆ.

1960ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಿಬ್ಬರು ಪ್ರಾಣಿಯ ಅಗತ್ಯವೇ ಇಲ್ಲದ, ಗಾಜಿನ ನಳಿಗೆಯಲ್ಲಿ ನಡೆಯುವ ಪರೀಕ್ಷೆಯನ್ನು ಪ್ರಕಟಿಸಿದರು. ಇಷ್ಟು ಸುಲಭವಾದ ಮೇಲೂ ಅದು ಮನೆಗೆ ಬರಲಿಲ್ಲ. ಅದನ್ನು ಮನೆಗೆ ತರಬಹುದೆಂದು ಕಂಡವಳು ವಿಜ್ಞಾನಿಯಲ್ಲ, ಮಾರ್ಗರೆಟ್ ಕ್ರೇನ್ ಎಂಬ 26 ವರ್ಷದ ಚಿತ್ರವಿನ್ಯಾಸಕಿ. 1967ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಆರ್ಗನಾನ್ ಎಂಬ ಔಷಧ ಕಂಪೆನಿಗೆ ಕೆಲಸದ ಮೇಲೆ ಹೋದಾಗ, ಕನ್ನಡಿಯ ಮೇಲೆ ಸಾಲಾಗಿ ನಿಲ್ಲಿಸಿದ್ದ ನಳಿಗೆಗಳನ್ನು ಆಕೆ ಕಂಡಳು. ನಳಿಗೆಯ ತಳದಲ್ಲಿ ಕೆಂಪು ಉಂಗುರ ಮೂಡಿ ಕನ್ನಡಿಯಲ್ಲಿ ಕಂಡರೆ ಬಸಿರು ಎಂದು ಯಾರೋ ವಿವರಿಸಿದರು. ಇಷ್ಟನ್ನು ಹೆಂಗಸು ತಾನೇ ಮಾಡಿಕೊಳ್ಳಬಾರದೇಕೆ ಎಂದು ಆಕೆಗೆ ಅನ್ನಿಸಿತು. ಮನೆಗೆ ಬಂದು, ಕಾಗದಕ್ಕೆ ಹಾಕುವ ಕ್ಲಿಪ್ಪುಗಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಳಿಗೆ, ಕನ್ನಡಿ, ಹನಿ ಬಿಡುವ ಕೊಳವೆ ಇವನ್ನು ಜೋಡಿಸಿ ಒಂದು ಮಾದರಿಯನ್ನು ಸಿದ್ಧಪಡಿಸಿದಳು.

ವೈದ್ಯರು ನಮ್ಮಿಂದ ದೂರವಾದಾರೆಂದು ಕಂಪೆನಿಯವರು ಮೊದಲು ಹಿಂಜರಿದರು. ಕೊನೆಗೆ 1971ರಲ್ಲಿ ಆಕೆಯ ಹೆಸರಿನಲ್ಲಿ ಪೇಟೆಂಟ್ ಬಂತು. ಹಕ್ಕನ್ನು ಕಂಪೆನಿಗೆ ಬಿಟ್ಟುಕೊಟ್ಟುದಕ್ಕೆ ನಿಗದಿಯಾದ ಬೆಲೆ 1 ಡಾಲರ್. ಅದೂ ತನ್ನ ಕೈಸೇರಲಿಲ್ಲವೆಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಅಮೆರಿಕದ ಅಂಗಡಿಗಳಲ್ಲಿ ಇಂಥ ಪೆಟ್ಟಿಗೆ ದೊರೆತದ್ದು 1977ರ ಸುಮಾರಿಗೆ. ಎರಡು ಗಂಟೆ ಕಾಲ ನಳಿಗೆಯನ್ನು ಅಲುಗಿಸದೆ ಕಾಯಬೇಕಿತ್ತು. 1988ರಲ್ಲಿ ಒಂದೇ ಕಡ್ಡಿಯ ಪರೀಕ್ಷೆ ಬಂದ ಮೇಲೆ ಈ ಕಾಯುವಿಕೆ ಕೆಲವೇ ನಿಮಿಷಗಳಿಗೆ ಇಳಿಯಿತು. 2015ರಲ್ಲಿ ಆ ಮೊದಲ ಡಬ್ಬಿ ಹರಾಜಾಗಿ ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು. ಬೆಲೆ 11,875 ಡಾಲರ್.

ಕೆಲವು ದಿನ ಮೊದಲೇ ತಿಳಿದರೆ ಬಂದ ಭಾಗ್ಯವೇನು ಎಂದು ಕೇಳುವವರಿದ್ದಾರೆ. ಕ್ರೇನ್‌ಗೆ ಪೇಟೆಂಟ್ ದೊರೆತ 1971ರಲ್ಲೇ ನಮ್ಮ ಸಂಸತ್ತು ಗರ್ಭಪಾತವನ್ನು ಕುರಿತ ಕಾಯಿದೆಯನ್ನು ಅಂಗೀಕರಿಸಿತು. 2021ರಲ್ಲಿ ತಿದ್ದುಪಡಿಯಾದ ಮೇಲೂ ಆ ಕಾಯಿದೆ ನಡೆಯುವುದು ವಾರಗಳ ಲೆಕ್ಕದಲ್ಲಿ. ಕೂಸು ಬೇಕೆನ್ನುವವಳಿಗೂ ಆರೈಕೆ ಎಷ್ಟು ಬೇಗ ತೊಡಗಿದರೆ ಅಷ್ಟು ಕ್ಷೇಮ. ತಡವಾಗಿ ತಿಳಿದವಳಿಗೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಈ ಕಾರಣದಿಂದಲೇ ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಸರ್ಕಾರ ಒದಗಿಸುವ ‘ನಿಶ್ಚಯ್’ ಎಂಬ ಪರೀಕ್ಷಾ ಪಟ್ಟಿಗೆ ಇರುವ ಬೆಲೆ ದೊಡ್ಡದು.

ಆದರೂ ಎರಡು ಮಾತು ಹೇಳಬೇಕು. ತೀರ ಬೇಗ ಪರೀಕ್ಷಿಸಿದರೆ ಬಸಿರಿದ್ದೂ ಗೆರೆ ಮೂಡದಿರಬಹುದು. ಮುಟ್ಟು ಬಾರದೇ ಹೋದರೆ ಕೆಲವು ದಿನ ಬಿಟ್ಟು ಮತ್ತೆ ನೋಡುವುದು, ನೋವು ಅಥವಾ ರಕ್ತಸ್ರಾವವಿದ್ದರೆ ಕೂಡಲೆ ವೈದ್ಯರನ್ನು ಕಾಣುವುದು ಅಗತ್ಯ. ಇನ್ನೊಂದು ಮಾತು ಮನೆಯವರಿಗೆ. ಪರೀಕ್ಷೆ ಮನೆಯೊಳಗೆ ಬಂದಿದೆಯೆಂದ ಮಾತ್ರಕ್ಕೆ ಅದು ಹೆಣ್ಣಿನ ಕೈಗೆ ಬಂದಿದೆಯೆಂದು ಅರ್ಥವಲ್ಲ. ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತು ಕಡ್ಡಿಯನ್ನು ಕಸಿದು ನೋಡಿದರೆ, ಹಳೆಯ ಪ್ರಯೋಗಶಾಲೆಯೇ ಮನೆಗೆ ಬಂದಂತಾಯಿತು. ಗೆರೆಯನ್ನು ಮೊದಲು ನೋಡುವವಳು ಅವಳಾಗಲಿ. ಹೇಳುವ ಮಾತನ್ನು ಯಾರಿಗೆ, ಎಂದು ಹೇಳಬೇಕೆಂಬುದನ್ನು ಅವಳೇ ನಿಶ್ಚಯಿಸಲಿ. ಅಷ್ಟು ಹೊತ್ತು ಉಳಿದವರು ಕಾದರೆ ನಷ್ಟವೇನೂ ಇಲ್ಲ.